ಅಕ್ಕನ ಕಾರು ಚಾಲೂ ಆಗದ ಮಳೆಗಾಲ

ಗಂಜಿ ಕಾಯಿಸುವ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ನಾಚಿಕೆಯಾಗುತ್ತದೆ. ಮೊನ್ನೆ ಬನಹಟ್ಟಿಯ ನಮ್ಮ ಓಣಿಯಲ್ಲಿ, ಪಕ್ಕದ ಮನೆಯವರು ನೂಲಿಗೆ ಹಾಕಲು ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸುತ್ತಿದ್ದರು. ಜಿಟಿಜಿಟಿ ಮಳೆ ನಿಂತು ಗಾಳಿ ಹಸಿಯಾಗಿತ್ತು. ಆ ಗಾಳಿಯಲ್ಲಿ ವಾಸನೆ ಮೂಗಿಗೆ ಬಡಿಯಿತು. ಕಾಯಿಪಲ್ಲೆಯ ಚೀಲ ಹಿಡಿದುಕೊಂಡು ನಡು ಓಣಿಯಲ್ಲಿ ನಿಂತುಬಿಟ್ಟೆ.

"ಯಾಕ ನಿಂತ್ರಿ ಈರಪ್ಪಣ್ಣಾ? ಮೈಯಾಗ ಆರಾಮ ಇಲ್ಲೇನು?" ಎಂದು ಪಕ್ಕದ ಮನೆಯ ಹೆಣ್ಣುಮಗಳು ಕೇಳಿದಳು.

"ಆರಾಮ ಅದೀನವಾ" ಎಂದು ಹೇಳಿ ಮನೆಗೆ ಬಂದೆ. ಆಕೆಗೆ ಬಾಗಿಲಲ್ಲಿ ನಿಂತು ಹೇಳುವ ಕಥೆಯಲ್ಲ ಅದು. ಹೋದ ವರ್ಷದ ಮಳೆಗಾಲದಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿಯ ತನಕ ಇಬ್ಬರಿಗೆ ಮಾತ್ರ ಹೇಳಿದ್ದೇನೆ. ಒಬ್ಬರು ಆ ಕೆಲಸದಿಂದ ನೊಂದವರು. ಇನ್ನೊಂದು ನಮ್ಮ ಮನೆಯ ಬೆಕ್ಕು.

ನಾನು ನೇಕಾರ. ಮನೆಯ ಪಡಸಾಲೆಯಲ್ಲಿ ಒಂದು ಕೈಮಗ್ಗ ಇದೆ. ಅದರ ಮುಂದೆ ಕೂತು ನಲವತ್ತು ವರ್ಷ ಸೀರೆ ನೇಯ್ದಿದ್ದೇನೆ. ಮನೆಯಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ. ಇಬ್ಬರಿಗೂ ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದಕ್ಕೆ ಊರವರ ಹತ್ತಿರ ಹತ್ತು ಕಾರಣ ಇದ್ದವು, ನಮ್ಮ ಹತ್ತಿರ ಒಂದೂ ಇರಲಿಲ್ಲ. ಅಕ್ಕ ಸರಕಾರಿ ಆಸ್ಪತ್ರೆಯ ನರ್ಸ್. ಬೀಳಗಿ ಕಡೆ ಕೆಲವು ವರ್ಷ, ಮುಧೋಳ ತಾಲೂಕಿನ ಹಳ್ಳಿಗಳಲ್ಲಿ ಕೆಲವು ವರ್ಷ, ಕೊನೆಗೆ ಹುನ್ನೂರಿನಲ್ಲಿ ಕೆಲಸ ಮಾಡಿ ನಿವೃತ್ತಳಾದಳು. ಬಸ್ಸಿಗೆ ಕಾದು ಕಾದು ಬೇಸತ್ತು, ಐವತ್ತನೆಯ ವಯಸ್ಸಿನಲ್ಲಿ ಕಾರು ಹೊಡೆಯಲು ಕಲಿತಳು. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬನಿಂದ ಒಂದು ಹಳೆಯ ಬಿಳಿ ಕಾರು ಕೊಂಡಳು. ಆ ಕಾರಿನ ಬೆಲ್ಲದ ವಾಸನೆ ಇನ್ನೂ ಹೋಗಿಲ್ಲ. ಬೇಸಿಗೆಯಲ್ಲಿ ಹಿಂದಿನ ಸೀಟಿನ ಮೇಲೆ ಇರುವೆಗಳ ಸಾಲು ಹರಿಯುತ್ತಿತ್ತು.

ದಿನಾ ಬೆಳಿಗ್ಗೆ ಎಂಟಕ್ಕೆ ಅಕ್ಕ ಗಾಡಿ ಚಾಲೂ ಮಾಡುತ್ತಿದ್ದಳು. ಆ ಸದ್ದು ಕೇಳಿದ ಮೇಲೆ ನಾನು ಮಗ್ಗಕ್ಕೆ ಕೂರುತ್ತಿದ್ದೆ. ನಿವೃತ್ತಳಾದ ಮೇಲೂ ಆಕೆ ಬಿಡಲಿಲ್ಲ. ಹುನ್ನೂರಿನಲ್ಲಿ ಯಾರದೋ ಬಾಣಂತನ, ಜಮಖಂಡಿಯಲ್ಲಿ ಯಾರಿಗೋ ಸಕ್ಕರೆ ರೋಗ ಎಂದು ಹೊರಟೇ ಇರುತ್ತಿದ್ದಳು. ಅಂಥವಳು ಹೋದ ವರ್ಷ ಸಂಕ್ರಾಂತಿ ಕಳೆದ ವಾರದಲ್ಲಿ ಎದೆನೋವು ಎಂದು ಆಸ್ಪತ್ರೆ ಸೇರಿದಳು. ಎಂಟು ದಿನಕ್ಕೆ ತೀರಿಕೊಂಡಳು.

ಮೊದಲ ಹದಿನೈದು ದಿನ ಮನೆ ತುಂಬ ಜನ ಇದ್ದರು. ಆಮೇಲೆ ಅವರವರ ಹೊಟ್ಟೆಪಾಡು ಅವರವರಿಗೆ, ಯಾರನ್ನೂ ದೂರುವಂತಿಲ್ಲ. ನಾನು ಮೊದಲಿನಿಂದಲೂ ಸಿಡುಕ. ಮಾತನಾಡಿಸಲು ಬಂದವರಿಗೆ ಹೂಂ, ಉಹೂಂ ಎನ್ನುವವನು. ಅಕ್ಕ ಇದ್ದಾಗ ಊರಿನ ಮಾತೆಲ್ಲ ಆಕೆಯ ಕಡೆಯಿಂದ ನನಗೆ ಬರುತ್ತಿತ್ತು. ಆಕೆ ಹೋದ ಮೇಲೆ ಎರಡು ಮೂರು ದಿನ ಒಂದೂ ಮಾತಾಡದೆ ಕಳೆದದ್ದುಂಟು. ಒಮ್ಮೆ ಹಾಲಿನವನಿಗೆ "ನಾಳೆ ಅರ್ಧ ಲೀಟರ ಸಾಕು" ಎಂದಾಗ ನನ್ನ ದನಿಯೇ ನನಗೆ ಬೇರೆಯವರದು ಅನ್ನಿಸಿತು. ಬಹಳ ಒಂಟಿಯಾಗಿದ್ದೆ. ಇದನ್ನು ಸುತ್ತು ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಆ ದಿನಗಳಲ್ಲೇ ಒಂದು ರೂಢಿ ಬಿದ್ದಿತು. ಬೆಳಿಗ್ಗೆ ಎಂಟಕ್ಕೆ ಹೋಗಿ ಅಕ್ಕನ ಕಾರಿನಲ್ಲಿ ಕೂತು ಕೀಲಿ ತಿರುಗಿಸುವುದು, ಒಂದು ನಿಮಿಷ ಸದ್ದು ಕೇಳುವುದು, ಬಂದ್ ಮಾಡಿ ಬಂದು ಮಗ್ಗಕ್ಕೆ ಕೂರುವುದು. ಕಾರು ಹೊಡೆಯಲು ನನಗೂ ಅಷ್ಟಿಷ್ಟು ಬರುತ್ತಿತ್ತು, ಅಕ್ಕನೇ ಕಲಿಸಿದ್ದಳು. ಆದರೆ ಹೋಗುವುದಾದರೂ ಎಲ್ಲಿಗೆ? ನನಗೆ ಬೇಕಾಗಿದ್ದದ್ದು ಆ ಸದ್ದು ಮಾತ್ರ. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್ ಎಂದು ಸುಮ್ಮನಾಯಿತು. ಮತ್ತೆ ತಿರುಗಿಸಿದೆ, ಮತ್ತೆ ಟಕ್. ಆ ದಿನ ಮಧ್ಯಾಹ್ನದವರೆಗೂ ಮಗ್ಗಕ್ಕೆ ಕೂರಲು ಮನಸ್ಸಾಗಲಿಲ್ಲ.

ಓಣಿಯವರು ತಲೆಗೊಂದು ಮಾತು ಹೇಳಿದರು. ಗುಜರಿಗೆ ಹಾಕಿ ಎಂದವರೇ ಹೆಚ್ಚು. ಗಾಡಿಯ ಕಾಗದಪತ್ರದ ಅವಧಿ ಬೇರೆ ದಸರಾ ಹೊತ್ತಿಗೆ ಮುಗಿಯುವುದಿತ್ತು. ಹೊಸದಾಗಿ ಮಾಡಿಸಬೇಕಾದರೆ ಗಾಡಿ ತನ್ನ ಕಾಲ ಮೇಲೆ ಜಮಖಂಡಿಗೆ ಹೋಗಿ, ಅಲ್ಲಿಯ ಆರ್‌ಟಿಒ ಸಾಹೇಬರ ಮುಂದೆ ಓಡಿ ತೋರಿಸಬೇಕು. ಇಲ್ಲದಿದ್ದರೆ ಗುಜರಿಯೇ ಗತಿ. ಅಕ್ಕನ ಮೊಬೈಲ್ ತೆಗೆದು ಅದರಲ್ಲಿ 'ಮಿಸ್ತ್ರಿ' ಎಂದು ಬರೆದುಕೊಂಡಿದ್ದ ನಂಬರಿಗೆ ಫೋನ್ ಹಚ್ಚಿದೆ.

ಮೌಲಾಸಾಬ ಮಿಸ್ತ್ರಿ ಜಮಖಂಡಿಯವರು. ಮುಧೋಳ ರಸ್ತೆಗೆ ಅವರದೊಂದು ಸಣ್ಣ ಗ್ಯಾರೇಜು. ಅಕ್ಕನ ಕಾರನ್ನು ಹದಿನಾಲ್ಕು ವರ್ಷ ನೋಡಿಕೊಂಡವರು ಅವರೇ. ಅಕ್ಕ ತೀರಿಕೊಂಡಾಗ ಮಣ್ಣಿಗೂ ಬಂದಿದ್ದರು. ಆದರೆ ಆ ಗದ್ದಲದಲ್ಲಿ ನಾನು ಅವರೊಂದಿಗೆ ಮಾತಾಡಿರಲಿಲ್ಲ. ವಯಸ್ಸು ಅರವತ್ತೆಂಟು, ಗಿಡ್ಡ ಆಳು, ಗಡ್ಡಕ್ಕೆ ಮೆಹಂದಿ. ಅವರು ಗಾಡಿ ನೋಡುವುದು ಕಣ್ಣಿನಿಂದಲ್ಲ, ಕಿವಿಯಿಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಾರೆ. ಶುಕ್ರವಾರ ಅವರ ಗ್ಯಾರೇಜಿಗೆ ಸೂಟಿ. ಮಧ್ಯಾಹ್ನದ ನಮಾಜು ಮುಗಿಸಿ, ಚೀಲದಲ್ಲಿ ಸಾಮಾನು ಹಾಕಿಕೊಂಡು ಬಸ್ಸಿನಲ್ಲಿ ಬಂದರು.

ಬಂದವರು ಮೊದಲು ಕಾರಿನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಕೀಲಿ ತಿರುಗಿಸಿದರು. ಟಕ್.

"ದಿನಾ ಚಾಲೂ ಮಾಡ್ತಿದ್ರೇನ್ರಿ?"

"ಹೌದ್ರಿ. ದಿನಾ ಮುಂಜಾನಿ."

"ಎಷ್ಟೊತ್ತು?"

"ಒಂದ್ ಮಿನಿಟು."

ಮಿಸ್ತ್ರಿ ತಲೆ ಅಲ್ಲಾಡಿಸಿದರು. "ಒಂದ್ ಮಿನಿಟಿಗೆ ಬ್ಯಾಟ್ರಿ ತುಂಬೂದಿಲ್ರಿ, ಬರಿದಾಗ್ತೈತಿ. ದಿನಾ ಒಂದು ರೊಟ್ಟಿ ಕಸಗೊಂಡು ಚೂರು ರೊಟ್ಟಿ ಕೊಟ್ರ ಆಳು ಎಷ್ಟು ದಿನ ಬದುಕ್ಯಾನು?"

ಜೀವಂತ ಇರಲಿ ಎಂದು ದಿನಾ ಮಾಡಿದ ಕೆಲಸವೇ ಅದನ್ನು ಕೊಂದಿತ್ತು. ಯಾಕೆ ಹಾಗೆ ಮಾಡುತ್ತಿದ್ದಿರಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆನೇನೋ. ಬ್ಯಾಟರಿ ಬಿಚ್ಚಿ ಇಟ್ಟು, ಮುಂದಿನ ಶುಕ್ರವಾರ ಹೊಸದು ತರುತ್ತೇನೆ ಎಂದರು. ನಾನು ಚಹಾ ಮಾಡಿದೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಮಿಸ್ತ್ರಿ ತಾವಾಗಿಯೇ ಮಾತು ತೆಗೆದರು.

"ಈ ಗಾಡ್ಯಾಗ ಒಂದು ಕೂಸು ಹುಟ್ಟೇತಿ, ಗೊತ್ತೇನ್ರಿ ನಿಮಗ?"

ನನಗೆ ಗೊತ್ತಿರಲಿಲ್ಲ. ಬೀಳಗಿ ರಸ್ತೆಯಲ್ಲಿ, ಹಿಂದಿನ ಸೀಟಿನಲ್ಲಿ, ಕಬ್ಬು ಕಡಿಯಲು ಬಂದ ಹೆಂಗಸೊಬ್ಬಳ ಹೆರಿಗೆಯಾಗಿತ್ತಂತೆ. ಅಕ್ಕ ತಾಯಿ ಮಗುವನ್ನು ಆಸ್ಪತ್ರೆಗೆ ಮುಟ್ಟಿಸಿ, ಗಾಡಿಯನ್ನು ನೇರ ಗ್ಯಾರೇಜಿಗೆ ತಂದು, "ಮಿಸ್ತ್ರೇರ, ಸೀಟ ತೊಳೀಬೇಕು, ನೀರು ಕೊಡ್ರಿ. ಹೆಣ್ಣ ಕೂಸು, ಛಲೋ ಐತಿ" ಎಂದಿದ್ದಳಂತೆ. ಆ ಸಂಜೆ ಮನೆಗೆ ಬಂದವಳು ನನಗೆ ಏನು ಹೇಳಿದ್ದಳು? ಹಿಟ್ಟು ಬೀಸಿಸಿಕೊಂಡು ಬಂದೆಯಾ ಎಂದು ಕೇಳಿರಬೇಕು, ಅಷ್ಟೇ. ನಾನೂ ಆಕೆಯನ್ನು ಏನೂ ಕೇಳುತ್ತಿರಲಿಲ್ಲ.

ಎರಡನೆಯ ಶುಕ್ರವಾರ ಹೊಸ ಬ್ಯಾಟರಿ ಬಂತು. ಈಗ ಎಂಜಿನ್ ಗರ್ರ್ ಗರ್ರ್ ಎಂದು ತಿರುಗಿತು, ಆದರೆ ಹೊತ್ತಿಕೊಳ್ಳಲಿಲ್ಲ. ಮಿಸ್ತ್ರಿ ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದರು. ಕರೆಂಟು ಬರುತ್ತಿದೆಯೇ ಎಂದು ವೈರಿಗೆ ಸಣ್ಣ ಬಲ್ಬು ಹಿಡಿದು ನೋಡಿದರು, ಬಲ್ಬು ಹತ್ತಿತು. ಟಾಕಿಯೊಳಗಿನ ಹಳೆಯ ಪೆಟ್ರೋಲು ಬಣ್ಣದ ಡಬ್ಬಿಯ ಹಾಗೆ ನಾರುತ್ತಿತ್ತು, ಅದನ್ನು ಚೆಲ್ಲಿ ಹೊಸದು ಹಾಕಿದರು. ಓಣಿಯ ಆರು ಜನರನ್ನು ಕರೆದು ನೂಕಿಸಿದರು. ಕಾರು ಇಳಿಜಾರಿನಲ್ಲಿ ಬಾವಿಕಟ್ಟೆಯವರೆಗೆ ಹೋಗಿ ಅಲ್ಲಿ ಮೊಂಡು ಎತ್ತಿನಂತೆ ನಿಂತಿತು. ಅದನ್ನು ಮತ್ತೆ ಮೇಲೆ ನೂಕಿ ತರುವಾಗ ನಮ್ಮ ಓಣಿಯ ಬಾಯಿಗೆ ಹಬ್ಬ. "ಗಾಡಿ ಹೊಡೆಯಾಕ ಒಬ್ರು, ನೂಕಾಕ ಆರು ಮಂದಿ" ಎಂದು ನಕ್ಕರು. ನಾನೂ ನಕ್ಕೆ. ತಿಂಗಳುಗಟ್ಟಲೆ ಆದ ಮೇಲೆ ನಕ್ಕದ್ದು.

ಆ ದಿನ ಚಹಾದ ಹೊತ್ತಿಗೆ ಮಿಸ್ತ್ರಿ ಹೇಳಿದ ಮಾತು ನನ್ನನ್ನು ಇಡೀ ವಾರ ಕಾಡಿತು.

"ಗಾಡಿ ರಿಪೇರಿ ಆಗೂತನಕ ಅಕ್ಕಾರು ಟೈರಿನ ಮ್ಯಾಲೆ ಕುಂತು ಹಾಡ್ತಿದ್ರು ನೋಡ್ರಿ. ಸಣ್ಣ ದನಿ. ನಮ್ಮ ಹುಡುಗ್ರು ಹತೋಡಿ ಬಡಿಯೂದು ಬಿಟ್ಟು ಕೇಳ್ತಿದ್ರು."

ಅಕ್ಕ ಹಾಡುತ್ತಿದ್ದಳೇ? ಐವತ್ತೆಂಟು ವರ್ಷ ಒಂದೇ ಸೂರಿನಡಿ ಇದ್ದೆ, ಒಂದು ಸಾಲು ಕೇಳಿರಲಿಲ್ಲ. ಮನೆಯಲ್ಲಿ ಮಗ್ಗದ ಸದ್ದು ಎಂದು ಬಿಟ್ಟಿದ್ದಳೋ, ನನ್ನ ಮುಖ ನೋಡಿ ಬಿಟ್ಟಿದ್ದಳೋ. ನನ್ನ ಅಕ್ಕನ ಒಂದು ಪಾಲು ಆ ಗ್ಯಾರೇಜಿನಲ್ಲಿ ಉಳಿದಿತ್ತು. ಅದನ್ನು ಈ ಮನುಷ್ಯ ವಾರಕ್ಕೊಂದು ತುಣುಕಿನಂತೆ ತಂದು ನನ್ನ ಕಟ್ಟೆಯ ಮೇಲೆ ಇಡುತ್ತಿದ್ದ. ನಾನು ಶುಕ್ರವಾರಕ್ಕೆ ಕಾಯತೊಡಗಿದೆ. ಗುರುವಾರ ಸಂಜೆಯೇ ಅಂಗಡಿಗೆ ಹೋಗಿ ಖಾರದ ಶೇವು ತಂದಿಡುತ್ತಿದ್ದೆ.

ಮುಂದಿನ ಬುಧವಾರ ಮಗ್ಗದ ಕೆಲಸ ಇರಲಿಲ್ಲ. ಮೋಡ ಮುಚ್ಚಿಕೊಂಡು ಮಳೆಯೂ ಬಾರದೆ ಬಿಸಿಲೂ ಬಾರದೆ ನಿಂತಿತ್ತು. ನಾನು ಸುಮ್ಮನೆ ಹೋಗಿ ಕಾರಿನ ಎಡಗಡೆ ಕೂತೆ. ಕಾಲಿನ ಹತ್ತಿರ ಇಲಿಯ ಹಿಕ್ಕೆ ಕಂಡಿತು. ಆಗ ನೆನಪಾಯಿತು. ಬೇಸಿಗೆಯ ಮೊದಲಿಗೆ ಇಲಿ ಒಳಗೆ ಬಾರದಿರಲಿ ಎಂದು, ಸೀಟಿನ ಎದುರಿಗಿರುವ ಡಬ್ಬಿಯಂಥ ಖಾನೆಯ ಹಿಂದೆ ವೈರುಗಳು ಹಾಯುವ ತೂತಿಗೆ ನಾನೇ ನೂಲು ತುರುಕಿದ್ದೆ. ಮಗ್ಗದಲ್ಲಿ ಕೊನೆಗೆ ಉಳಿಯುವ ನೂಲು ಅದು, ಗಂಜಿ ಕುಡಿದು ಕಡ್ಡಿಯಂತೆ ಗಟ್ಟಿಯಾಗಿರುತ್ತದೆ. ಗಟ್ಟಿ ಇದೆ, ಒಳ್ಳೆಯ ಬಿರಡೆ ಎಂದುಕೊಂಡಿದ್ದೆ. ನೇಕಾರನ ಬುದ್ಧಿ ನೋಡಿ. ಗಂಜಿ ಎಂದರೆ ಅನ್ನ. ಇಲಿಯನ್ನು ಹೊರಗಿಡಲು ಅದರ ಬಾಗಿಲಿಗೆ ಅನ್ನದ ಅಗಳಿ ಹಾಕಿದ್ದೆ. ಈಗ ಕೈ ಹಾಕಿ ಎಳೆದರೆ ಬಂದದ್ದು ಒಂದು ಹಿಡಿ ಧೂಳು.

ಇಲಿ ನೂಲು ತಿಂದು ಮುಗಿಸಿ ಸುಮ್ಮನಿದ್ದೀತೇ? ಒಳಗೆ ಕೈ ಚಾಚಿ ವೈರುಗಳ ಮೇಲೆ ಬೆರಳು ಓಡಿಸಿದೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಸಾವಿರಾರು ಎಳೆಯ ಹಾಸಿನಲ್ಲಿ ಒಂದು ಎಳೆ ಸಡಿಲಾದರೂ ನೇಕಾರನ ಹೆಬ್ಬೆರಳಿಗೆ ತಿಳಿಯುತ್ತದೆ. ಏಳೋ ಎಂಟೋ ವೈರು ದಾಟಿದ ಮೇಲೆ ಒಂದು ಕಡೆ ಬೆರಳು ನಿಂತಿತು. ಮೇಲಿನ ಸಿಪ್ಪೆ ಹೋಗಿತ್ತು, ಒಳಗಿನ ತಾಮ್ರದ ಎಳೆಗಳು ಕಡಿದು ತುದಿಗೆ ತುದಿ ಬರೀ ತಾಗಿಕೊಂಡಿದ್ದವು. ಗಾಡಿ ನಿಂತಾಗ ಕರೆಂಟು ಹಾಯುತ್ತಿತ್ತು. ಎಂಜಿನ್ ತಿರುಗಿ ಮೈ ನಡುಗಿದ ಕೂಡಲೇ ತುದಿಗಳು ಅಗಲುತ್ತಿದ್ದವು. ಮಿಸ್ತ್ರಿ ಬಲ್ಬು ಹಿಡಿದು ನೋಡಿದಾಗಲೆಲ್ಲ ಬಲ್ಬು ಹತ್ತಿದ್ದು ಅದಕ್ಕೇ.

ಎರಡೂ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಹರಿದ ಎಳೆಗೆ ಹಾಕುವಂತೆ ಹೊಸೆದು ಗಂಟು ಹಾಕಿದೆ. ಕೀಲಿ ತಿರುಗಿಸಿದೆ. ಕಾರು ಒಂದೇ ಸಲಕ್ಕೆ ಚಾಲೂ ಆಯಿತು.

ಅದೇ ಸದ್ದು. ಕಣ್ಣಲ್ಲಿ ನೀರು ಬಂತು. ಒಂದು ಗಳಿಗೆ ಇಡೀ ಓಣಿಗೆ ಕೂಗಿ ಹೇಳಬೇಕು ಎನ್ನಿಸಿತು. ಮಿಸ್ತ್ರಿಗೆ ಫೋನ್ ಮಾಡಲು ಮೊಬೈಲ್ ತೆಗೆದೆ. ಆಗ ತಲೆಗೆ ಬಂತು, ಗಾಡಿ ರಿಪೇರಿಯಾದರೆ ಶುಕ್ರವಾರ ಅವರು ಯಾಕೆ ಬಂದಾರು? ಚಹಾ ಯಾರಿಗೆ? ಅಕ್ಕ ಇನ್ನು ಯಾರ ಬಾಯಿಂದ ಬರಬೇಕು?

ಕಾರು ಬಂದ್ ಮಾಡಿದೆ. ಕೈ ಒಳಗೆ ಹಾಕಿ, ಗಂಟು ಬಿಚ್ಚಿ, ತುದಿಗಳನ್ನು ಮೊದಲಿದ್ದ ಹಾಗೆಯೇ ತಾಗಿಸಿ ಇಟ್ಟೆ.

ನಮ್ಮಲ್ಲಿ ಕಟ್ಟಿದ ಗಂಟನ್ನು ಬಿಚ್ಚುವುದಿಲ್ಲ. ತಪ್ಪಿ ಕಟ್ಟಿದರೂ ಬಿಚ್ಚದೆ, ಮುಂದಕ್ಕೆ ನೇಯ್ದುಕೊಂಡು ಹೋಗು ಎಂದು ಅಪ್ಪ ಹೇಳಿಕೊಟ್ಟಿದ್ದ. ನಲವತ್ತು ವರ್ಷದಲ್ಲಿ ನಾನು ಬಿಚ್ಚಿದ ಗಂಟು ಅದೊಂದೇ.

ಮೂರನೆಯ ಶುಕ್ರವಾರ ಮಿಸ್ತ್ರಿ ಬಂದು ಎರಡು ತಾಸು ಗುದ್ದಾಡಿದರು. ನಾನು ಪಕ್ಕದಲ್ಲಿ ನಿಂತು ಪಾನಾ ಕೊಡು ಎಂದರೆ ಪಾನಾ, ಅರಿವೆ ಕೊಡು ಎಂದರೆ ಅರಿವೆ ಕೊಡುತ್ತಿದ್ದೆ. ಕಳ್ಳನಿಗೆ ಎಷ್ಟು ವಿನಯ! ಚಹಾದ ಹೊತ್ತಿಗೆ ಅಕ್ಕನ ಕಥೆ ಬಂತು. ಗ್ಯಾರೇಜಿನವರಿಗೆಲ್ಲ ಆಕೆ ಬಿಪಿ ನೋಡುತ್ತಿದ್ದಳಂತೆ. ಮಿಸ್ತ್ರಿಯ ಬಿಪಿ ನೋಡಿ ಉಪ್ಪಿನಕಾಯಿ ಬಿಡಿ ಎಂದು ಬೈದು, ಮರುವಾರ ತಾನೇ ಮನೆಯಿಂದ ಮಾವಿನ ಉಪ್ಪಿನಕಾಯಿ ಒಯ್ದು, "ಇದನ್ನ ಕಡೀದಂತ ತಿಳ್ಕೊಂಡು ತಿನ್ರಿ" ಎಂದಿದ್ದಳಂತೆ. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ನಮ್ಮ ಮನೆಯ ಭರಣಿ ಬೇಗ ಬೇಗ ಖಾಲಿಯಾಗುತ್ತಿದ್ದ ಗುಟ್ಟು ಅದು.

ನಾಲ್ಕನೆಯ ಶುಕ್ರವಾರದ ಹೊತ್ತಿಗೆ ಕೃಷ್ಣೆಗೆ ನೀರು ಬಂದಿತ್ತು. ಪ್ರತಿವರ್ಷದಂತೆ ಮಳೆ ಮಹಾರಾಷ್ಟ್ರದಲ್ಲಿ, ನೀರು ನಮ್ಮಲ್ಲಿ. ಎಲ್ಲರೂ ಹಿಪ್ಪರಗಿ ಕಡೆ ಹೊಳೆ ನೋಡಲು ಹೋಗಿದ್ದರು, ಓಣಿ ಖಾಲಿ ಇತ್ತು. ಮಿಸ್ತ್ರಿ ಬೇರೆ ಗಾಡಿಯಿಂದ ಕಿಡಿ ಹುಟ್ಟಿಸುವ ಕಾಯಿಲ್ ತಂದು ಹಾಕಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದು ಕೂಡಿಸಿದರು. ಬಲ್ಬು ಹತ್ತಿತು, ಗಾಡಿ ಹತ್ತಲಿಲ್ಲ. ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿ, ನನಗೆ ಕೀಲಿ ತಿರುಗಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿದರು. ಮತ್ತೆ ಮತ್ತೆ ಕೇಳಿದರು.

"ಬಲ್ಬ ಹತ್ತತೈತಿ, ಕಿಡಿ ಯಾಕ ಬರವಲ್ದು? ಯಾರದರ ಕಣ್ಣ ಬಿದ್ದೈತೇನ್ರಿ ಈ ಗಾಡಿ ಮ್ಯಾಲೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಬೆರಳುಗಳನ್ನು ಧೋತರದಲ್ಲಿ ಒರೆಸಿಕೊಂಡೆ. ಆ ದಿನ ಮಿಸ್ತ್ರಿ ಮಾತಾಡಲಿಲ್ಲ. ಚಹಾ ಆರಿ ಕೆನೆ ಕಟ್ಟಿತು. ಅವರು ಬಸ್ಸಿಗೆ ಹೋದ ಮೇಲೆ ನನಗೆ ಆದದ್ದು ಏನು ಗೊತ್ತೇ? ಅವರ ಬಗ್ಗೆ ಮರುಕವಲ್ಲ. ಈ ವಾರ ಅಕ್ಕನ ಕಥೆ ಬರಲಿಲ್ಲವಲ್ಲ ಎಂಬ ನಿರಾಸೆ. ಒಂಟಿತನ ಮನುಷ್ಯನನ್ನು ಮೆತ್ತಗೆ ಮಾಡುತ್ತದೆ ಎನ್ನುತ್ತಾರೆ. ನನ್ನನ್ನು ಅದು ದುರಾಸೆಯವನನ್ನಾಗಿ ಮಾಡಿತ್ತು.

ಐದನೆಯ ಶುಕ್ರವಾರ ಮಿಸ್ತ್ರಿ ಚೀಲ ತಂದಿರಲಿಲ್ಲ. ಬಂದು ಕಟ್ಟೆಯ ಮೇಲೆ ಕೂತರು. ಕಾರಿನ ಕಡೆ ನೋಡಲೂ ಇಲ್ಲ.

"ಈರಪ್ಪಣ್ಣಾ, ತಪ್ಪ ತಿಳೀಬ್ಯಾಡ್ರಿ. ಈ ಗಾಡಿ ಬ್ಯಾರೆದವರಿಗೆ ತೋರಿಸ್ರಿ."

"ಯಾಕ್ರಿ ಮಿಸ್ತ್ರೇರ?"

"ನನ್ನ ಕಿವಿ ಹೋತ್ರಿ. ಮಗಾ ಎರಡು ವರ್ಷದಿಂದ ಹೇಳಾಕತ್ತಾನ, ಅಪ್ಪಾ ಇನ್ನ ಮನ್ಯಾಗ ಕುಂದ್ರು ಅಂತ. ಅವಂದು ಮಸೀನ ಐತಿ, ಗಾಡಿಗೆ ಹಚ್ಚಿದ್ರ ಕೆಟ್ಟದ್ದೆಲ್ಲಾ ಬರದ ತೋರಿಸ್ತೈತಿ. ನಾ ಒಪ್ಪಿರಲಿಲ್ಲ. ನನ್ನ ಕಿವಿ ಇರೂತನಕ ಮಸೀನ ಯಾಕ ಅಂತಿದ್ದೆ. ಈಗ ಒಂದು ಸಣ್ಣ ಗಾಡಿ, ಹದಿನಾಲ್ಕು ವರ್ಷ ನನ್ನ ಕೈಯಾಗ ಆಡಿದ ಗಾಡಿ, ಅದರ ಬ್ಯಾನಿ ನನಗ ತಿಳೀವಲ್ದು. ನಾಲ್ಕು ದಿನ ಆತು, ನಿದ್ದಿ ಬರವಲ್ದು. ನಾಳೆ ಗ್ಯಾರೇಜಿನ ಕೀಲಿ ಅವನ ಕೈಯಾಗ ಕೊಟ್ಟಬಿಡ್ತೀನಿ."

ಇಷ್ಟು ಹೇಳಿ ಅವರು ತಮ್ಮ ಕಿವಿಯನ್ನು ಮುಟ್ಟಿಕೊಂಡರು. ನಾನು ಕದ್ದದ್ದು ಎರಡು ಶುಕ್ರವಾರದ ಚಹಾ, ಮಾತು ಎಂದುಕೊಂಡಿದ್ದೆ. ಕದ್ದದ್ದು ಈ ಮನುಷ್ಯನ ಬಾಳನ್ನು.

ಎದ್ದು ಹೋದೆ. ಕಾರಿನ ಎಡಬಾಗಿಲು ತೆರೆದು, ಖಾನೆಯ ಹಿಂದೆ ಕೈ ಹಾಕಿ, ಅವರು ನೋಡುತ್ತಿದ್ದಂತೆಯೇ ತುದಿಗಳನ್ನು ಹೊಸೆದು ಗಂಟು ಹಾಕಿದೆ. ಕೀಲಿ ತಿರುಗಿಸಿದೆ. ಗಾಡಿ ಚಾಲೂ ಆಯಿತು.

ಮಿಸ್ತ್ರಿ ಎದ್ದು ಬಂದರು. ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿದರು. ಮುಖದಲ್ಲಿ ಮೊದಲು ಖುಷಿ ಬಂತು, ಚಿಕ್ಕವರ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು.

"ಯಾವಾಗ ಸಿಕ್ತು?"

"ಹದಿನಾರು ದಿನ ಆತ್ರಿ."

"ಹದಿನಾರು ದಿನ?"

"ನೀವು ಬರೂದ ಬಿಡ್ತೀರಿ ಅಂತ ಹೇಳ್ಲಿಲ್ರಿ. ಅಕ್ಕನ ಸುದ್ದಿ ನಿಮ್ಮ ಬಾಯಾಗಿಂದ ಕೇಳಬೇಕಂತ ಆಸೇಕ ಬಿದ್ದೆ. ಕಟ್ಟಿದ್ದ ಗಂಟ ನಾನ ಬಿಚ್ಚಿಟ್ಟೆ. ನನ್ನ ತಪ್ಪ ಹೊಟ್ಯಾಗ ಹಾಕ್ಕೋರಿ."

ಮಿಸ್ತ್ರಿ ಬಾಗಿ, ಖಾನೆಯ ಹಿಂದೆ ಕೈ ಹಾಕಿ ಗಂಟನ್ನು ಮುಟ್ಟಿ ನೋಡಿದರು. ಎಂಜಿನ್ ಓಡುತ್ತಲೇ ಇತ್ತು.

"ಬ್ಯಾಟ್ರಿಯಿಂದ ನೇರ ಒಂದು ವೈರ ಕೊಟ್ಟು ನೋಡಿದ್ರ ಎರಡು ಮಿನಿಟಿನ ಕೆಲಸ ಇತ್ತು. ನನಗ ಹೊಳೀಲಿಲ್ಲ. ಅದು ನನ್ನ ತಪ್ಪು" ಎಂದರು. ಆಮೇಲೆ ದನಿ ಏರಿತು. "ಖರೆ ಹೇಳ್ರಿ, ಚಾ ಕುಡ್ಯಾಕ ಬರ್ರಿ ಅಂತ ಒಂದ ಮಾತ ಅಂದಿದ್ರ ನಾ ಬರ್ತಿರಲಿಲ್ಲೇನು? ಒಬ್ಬ ಮನಷ್ಯಾನ್ನ ಮನಿಗೆ ಕರಿಯಾಕ ಗಾಡಿ ಕೆಡಸ್ತಾರೇನ್ರಿ?"

ಒಂದು ಮಾತು ಕರೆಯಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಯಾರನ್ನೂ ಹಾಗೆ ಕರೆದು ಗೊತ್ತಿದ್ದವನಲ್ಲ ನಾನು. ಮಿಸ್ತ್ರಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಬಸ್ ನಿಲ್ದಾಣದವರೆಗೆ ಬಿಡುತ್ತೇನೆ, ಗಾಡಿ ಚಾಲೂ ಇದೆ ಎಂದೆ. ತಿರುಗಿ ನೋಡಲಿಲ್ಲ.

ಮಳೆಗಾಲದ ಉಳಿದ ದಿನಗಳು ಹೇಗೆ ಕಳೆದವೋ. ಹೊಸ ವೈರು ಹಾಕಿಸಿದೆ. ದಸರೆಗೆ ಮುಂಚೆ ಕಾರನ್ನು ನಾನೇ ನಿಧಾನ ಹೊಡೆದುಕೊಂಡು ಜಮಖಂಡಿಗೆ ಹೋಗಿ, ಸಾಹೇಬರ ಮುಂದೆ ಓಡಿಸಿ, ಕಾಗದಪತ್ರ ಹೊಸದು ಮಾಡಿಸಿದೆ. ಕಾರು ಉಳಿಯಿತು. ಹಿಂದಿರುಗುವಾಗ ಮುಧೋಳ ರಸ್ತೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಗ್ಯಾರೇಜಿನ ಕಡೆ ಹೋಗಲು ಧೈರ್ಯ ಸಾಲದೆ ಮನೆಗೆ ಬಂದೆ. ಶುಕ್ರವಾರ ಮಧ್ಯಾಹ್ನ ಎರಡು ಕಪ್ಪಿನ ಹಾಲು ಇಡುವ ರೂಢಿ ಮಾತ್ರ ಹೋಗಲಿಲ್ಲ. ಎರಡನೆಯ ಕಪ್ಪಿನ ಹಾಲು ಬೆಕ್ಕಿಗೆ. ಅದರ ಮುಂದೆ ಕೂತು ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿಕೊಂಡದ್ದೂ ಆಯಿತು. ಅದು ಹಾಲು ಮುಗಿದ ಕೂಡಲೇ ಎದ್ದು ಹೋಗುತ್ತಿತ್ತು. ಮಿಸ್ತ್ರಿಗೆ ಫೋನ್ ಹಚ್ಚಿದರೆ ಎತ್ತುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಬೈದರೆ ಬೈಯಲಿ ಎಂದು ಹೊರಟೆ. ಗ್ಯಾರೇಜು ತೆರೆದಿತ್ತು. ಒಂದು ಕಡೆ ಮಗ ಯಾವುದೋ ಹೊಸ ಗಾಡಿಗೆ ತನ್ನ ಮಸೀನು ಹಚ್ಚಿಕೊಂಡು ನಿಂತಿದ್ದ. ಇನ್ನೊಂದು ಕಡೆ ಹಳೆಯ ಜೀಪಿನ ಬಾನೆಟ್ಟಿನೊಳಗೆ ಬಾಗಿ ಮಿಸ್ತ್ರಿ ಕೆಲಸ ಮಾಡುತ್ತಿದ್ದರು. ಕೀಲಿ ಕೊಟ್ಟಿರಲಿಲ್ಲ! ನನ್ನ ಜೀವ ಅರ್ಧ ನಿರಾಳವಾಯಿತು.

ನನ್ನನ್ನು ಓರೆಗಣ್ಣಿನಲ್ಲಿ ನೋಡಿದರು. ತಲೆ ಎತ್ತಲಿಲ್ಲ.

"ಏನಾಗೇತಿ ಗಾಡಿಗೆ?"

"ಏನಾಗಿಲ್ರಿ. ಛಲೋ ಐತಿ."

"ಹಂಗಾರ ಯಾಕ ಬಂದ್ರಿ?"

ಕೇಳಲು ಬಂದಿಲ್ಲ, ಹೇಳಲು ಬಂದಿದ್ದೇನೆ ಎಂದೆ. ಅವರು ಪಾನಾ ತಿರುಗಿಸುತ್ತಲೇ ಇದ್ದರು. ನಾನು ಅಲ್ಲೇ ಒಂದು ಟೈರಿನ ಮೇಲೆ ಕೂತು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಹೇಳಿದೆ.

"ಅಕ್ಕಾನ್ನ ದವಾಖಾನ್ಯಾಗ ಇಟ್ಟಿದ್ವಲ್ರಿ, ಡಾಕ್ಟರು ಕಿವಿಗೆ ಹಚ್ಚೂ ನಳಗಿ ಎದಿ ಮ್ಯಾಲೆ ಇಟ್ಟು ನೋಡಿದ್ರು, ಏನೂ ಹೇಳದ ಹ್ವಾದ್ರು. ಆಕಿ ನನ್ನ ಕಡೆ ತಿರುಗಿ ಏನಂದ್ಲು ಗೊತ್ತೇನ್ರಿ? 'ಇದನ್ನ ಮಿಸ್ತ್ರಿಗೆ ಒಮ್ಮೆ ಕೇಳಸಬೇಕಾಗಿತ್ತು ನೋಡೋ ಈರ್ಯಾ. ಎಲ್ಲಿ ಕೆಟ್ಟೈತಿ ಅಂತ ಅವರು ಹೇಳ್ತಿದ್ರು' ಅಂದ್ಲು."

ಪಾನಾ ನಿಂತಿತು.

"ಯಾವಾಗಿನ ಮಾತು?"

"ಹೋಗೂದಕ್ಕ ಮೂರು ದಿನ ಮೊದ್ಲ."

"ಮತ್ತ ಇಷ್ಟ ದಿನ ಯಾಕ ಹೇಳ್ಲಿಲ್ರಿ?"

"ಹೊಟ್ಟಿಕಿಚ್ಚ್ರಿ. ಅಂಥಾ ಹೊತ್ತಿನ್ಯಾಗ ನಿಮ್ಮ ಹೆಸರ ತಗೊಂಡ್ಲಲ್ಲಾ ಅಂತ."

ಮಿಸ್ತ್ರಿ ನಕ್ಕರು. ನಗುತ್ತ ನಗುತ್ತ ದನಿ ಒಡೆಯಿತು. ಕೈಯಲ್ಲಿದ್ದ ಅರಿವೆಯಿಂದಲೇ ಕಣ್ಣು ಒರೆಸಿಕೊಂಡರು, ಕೆನ್ನೆಗೆಲ್ಲ ಕಪ್ಪು ಹತ್ತಿತು. ಮಗ ಅತ್ತ ಕಡೆಯಿಂದ ಗಾಬರಿಯಾಗಿ ನೋಡಿದ. ಮಿಸ್ತ್ರಿ ಅವನಿಗೆ ಎರಡು ಚಹಾ ಹೇಳಲು ಸನ್ನೆ ಮಾಡಿ, ಇನ್ನೊಂದು ಟೈರು ಎಳೆದುಕೊಂಡು ನನ್ನ ಎದುರಿಗೆ ಕೂತರು.

"ಇನ್ನೊಂದ ಹೇಳ್ರಿ" ಎಂದರು.

ಹೇಳಲು ನನ್ನ ಹತ್ತಿರ ಉಳಿದಿದ್ದದ್ದು ಇನ್ನೊಂದೇ.

"ಮುಂದಿನ ವಾರ ಹೇಳ್ತೀನ್ರಿ" ಎಂದೆ.